ಗಲ್ಲದೊಳಗಿನ ಎಲೆ

ಮದುವೆಯ ಫೋಟೋ ತೆಗೆಯುವುದು ನಿಂತು ಮಾಡುವ ಕೆಲಸ. ಕುಳಿತವನಿಗೆ ಚಿತ್ರ ಸಿಗುವುದಿಲ್ಲ, ಮಲಗಿದವನಿಗೆ ಮದುವೆಯೇ ಸಿಗುವುದಿಲ್ಲ. ಶಹಾಬಾದಿನಲ್ಲಿ, ಸ್ಟೇಷನ್ನಿನಿಂದ ಊರೊಳಗೆ ಬರುವ ರಸ್ತೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ವರ್ಷದ ಬಹುಪಾಲು ಅಲ್ಲಿಯೇ ಇದ್ದು ಶಾಲೆಯ ಮಕ್ಕಳ, ನೌಕರಿಗೆ ಅರ್ಜಿ ಹಾಕುವವರ ಮುಖ ತೆಗೆಯುತ್ತೇನೆ. ಲಗ್ನದ ದಿನಗಳು ಬಂದವೆಂದರೆ ಬಾಗಿಲು ಹಾಕಿ ಸೇಡಂ, ಚಿತ್ತಾಪುರ, ಕಾಳಗಿ, ಚಿಂಚೋಳಿ ಎಂದು ತಿರುಗುತ್ತೇನೆ. ನಮ್ಮ ಕಡೆಯ ಮದುವೆ ಒಂದು ಹೊತ್ತಿನದಲ್ಲ. ಅರಿಶಿಣ, ತಂಬಿಗೆಗಳ ನಡುವೆ ಕೂರಿಸಿ ನೀರೆರೆಯುವ ಸುರಗಿ, ಮೆರವಣಿಗೆ, ಅಕ್ಷತೆ, ಆಮೇಲೆ ವೇದಿಕೆಯ ಮೇಲೆ ಬೀಗರೆಲ್ಲ ಸಾಲಾಗಿ ಬಂದು ಮದುಮಕ್ಕಳ ಜತೆ ನಿಲ್ಲುವುದು. ಅಷ್ಟೂ ಹೊತ್ತು ಕೊರಳಲ್ಲಿ ಕ್ಯಾಮೆರಾ ಇರಬೇಕು, ಕಣ್ಣಲ್ಲಿ ಎಚ್ಚರ ಇರಬೇಕು.

ಆ ಎಚ್ಚರವನ್ನು ನನಗೆ ಎಲೆ ಕೊಡುತ್ತಿತ್ತು. ಒಣಗಿ ಕಂದುಗಪ್ಪಾದ ತಂಬಾಕಿನ ಎಲೆಯ ಒಂದು ಚೂರು ಮುರಿದು, ಅಂಗೈಯಲ್ಲಿ ಸುಣ್ಣ ಹಚ್ಚಿ, ಹೆಬ್ಬೆರಳಿನಿಂದ ತಿಕ್ಕಿ ಎಡಗಲ್ಲದ ಒಳಗೆ ಇಟ್ಟರೆ ಸಾಕು. ಮೊದಲು ಕಿವಿ ಬಿಸಿಯಾಗುತ್ತಿತ್ತು, ಆಮೇಲೆ ಎದೆ ಸ್ವಲ್ಪ ಜೋರಾಗಿ ಬಡಿದುಕೊಳ್ಳುತ್ತಿತ್ತು, ಆಮೇಲೆ ನಿದ್ದೆ ಎಂಬುದು ಬೇರೆ ಯಾರದೋ ಮನೆಯ ವಿಷಯ ಎನಿಸುತ್ತಿತ್ತು. ಕಸುಬು ಕಲಿತ ದಿನಗಳಲ್ಲಿ ಹಿರಿಯರಿಂದ ಬಂದ ಚಟ ಅದು. ಕ್ಯಾಮೆರಾ ಹಿಡಿಯುವುದನ್ನು ಕಲಿಸಿದವರೇ ಎಲೆ ತಿಕ್ಕುವುದನ್ನೂ ಕಲಿಸಿದರು.

ನನ್ನ ಹೆಂಡತಿಯ ತವರು ಚಿಂಚೋಳಿ. ಅವಳ ಅಪ್ಪ ಬಾಯಿಯ ಹುಣ್ಣಿನಿಂದ ತೀರಿಕೊಂಡರು. ಅವರದ್ದೂ ತಂಬಾಕಿನ ಬಾಯಿ. ಕೊನೆಕೊನೆಗೆ ಅವರ ಬಾಯಿ ಚಮಚೆ ಹಿಡಿಸುವಷ್ಟೂ ತೆರೆಯುತ್ತಿರಲಿಲ್ಲ. ಅವಳು ತುಟಿಯ ಮೂಲೆಯಿಂದ ಗಂಜಿ ಬಿಡುತ್ತಿದ್ದಳು, ಅದರ ಅರ್ಧ ಗದ್ದದ ಮೇಲಿಂದ ಇಳಿಯುತ್ತಿತ್ತು. ದಿನಕರ್ಮ ಮುಗಿಸಿ ಶಹಾಬಾದಿಗೆ ಬಂದ ದಿನ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಕರೆದಳು.

"ಇಲ್ಲಿ ಬರ್ರಿ. ನನ್ನ ತಲಿ ಮ್ಯಾಲ ಕೈ ಇಡ್ರಿ."

ಇಟ್ಟೆ. ಕೂದಲು ಇನ್ನೂ ಒದ್ದೆಯಿತ್ತು.

"ಇನ್ ಮ್ಯಾಲ ಅದನ್ನ ಬಾಯಾಗ ಇಡಂಗಿಲ್ಲ ಅನ್ರಿ."

ಅಂದೆ. ಮನಸ್ಸಿನಿಂದಲೇ ಅಂದೆ. ಬಹಳ ದಿನ ನಡೆಸಿದೆ ಕೂಡ. ಆಮೇಲೆ ಸೇಡಂನ ಒಂದು ಮದುವೆಯಲ್ಲಿ, ಬೆಳಗಿನ ಜಾವದ ಸುರಗಿಯ ಹೊತ್ತಿಗೆ ನಿಂತಲ್ಲೇ ತೂಕಡಿಸಿ ಕ್ಯಾಮೆರಾವನ್ನು ಹಿತ್ತಾಳೆಯ ತಂಬಿಗೆಗೆ ಬಡಿದೆ. ವಿಡಿಯೋದವನು ನಗುತ್ತ, ತಿಕ್ಕಿದ ಎಲೆಯಿದ್ದ ಅಂಗೈ ಚಾಚಿದ. ಇವತ್ತೊಂದು ದಿನ ಎಂದುಕೊಂಡು ತೆಗೆದುಕೊಂಡೆ. ಇವತ್ತೊಂದು ದಿನ ಎಂಬುದು ಮುಗಿಯಲೇ ಇಲ್ಲ.

ಅಡಗಿಸುವುದು ಕಷ್ಟವಾಗಲಿಲ್ಲ. ರೀಲಿನ ಕಾಲದ ಫಿಲ್ಮ್ ಡಬ್ಬಿಗಳು ಸ್ಟುಡಿಯೋದಲ್ಲಿ ರಾಶಿ ಬಿದ್ದಿದ್ದವು, ಕರಿಯ ಪ್ಲಾಸ್ಟಿಕ್ಕಿನವು, ಬೂದು ಮುಚ್ಚಳದವು. ಅಂಥದ್ದೊಂದರಲ್ಲಿ ಎಲೆ ತುಂಬಿ ಕ್ಯಾಮೆರಾ ಚೀಲದ ಅರೆಯಲ್ಲಿ ಇಟ್ಟೆ. ಮನೆಗೆ ಬರುವ ಮೊದಲು ಬಾಯಿ ಮುಕ್ಕಳಿಸಿ ಯಾಲಕ್ಕಿ ಅಗಿಯುತ್ತಿದ್ದೆ. "ಏನ್ ದೊಡ್ಡ ಸಾವ್ಕಾರ್ರ ಮದಿವ್ಯಾಗ ಯಾಲಕ್ಕಿ ಕೊಟ್ರೇನು?" ಎಂದು ಅವಳು ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ತೊಂದರೆ ಎಲ್ಲಿಂದ ಶುರುವಾಯಿತೆಂದು ಹೇಳುವುದು ಕಷ್ಟ. ಐವತ್ತು ದಾಟಿದ ಮೇಲೆ ಮೈಯಲ್ಲಿ ಸಣ್ಣಪುಟ್ಟ ರಿಪೇರಿ ಇರುವುದೇ ಎಂದುಕೊಂಡಿದ್ದೆ. ಒಂದಕ್ಕೆ ನಿಂತರೆ ತಕ್ಷಣ ಬರುತ್ತಿರಲಿಲ್ಲ. ಕಾಯಬೇಕಿತ್ತು. ಬಂದರೂ ದಾರದಷ್ಟು ಸಣ್ಣ ಧಾರೆ, ನಡುವೆ ಕಡಿದು ಮತ್ತೆ ಶುರುವಾಗುವುದು. ಮುಗಿಯಿತೆಂದು ಹೊರಗೆ ಬಂದರೆ ಮತ್ತೆ ಹೋಗಬೇಕೆನಿಸುವುದು. ವಾಡಿ ಸ್ಟೇಷನ್ನಿನಲ್ಲಿ ಒಮ್ಮೆ ರೈಲಿಗೆ ಕಾಯುತ್ತಿದ್ದಾಗ ಮೂತ್ರಿಯಲ್ಲಿ ನನ್ನ ಹಿಂದೆ ನಿಂತವನು ತಾಳ್ಮೆಗೆಟ್ಟು, "ಏನ್ ಕಾಕಾ, ಅಲ್ಲೇ ಮಲಗೀರೇನು? ನಮ್ದು ಗಾಡಿ ಬಂತ್ರಿ!" ಎಂದು ಕೂಗಿದ. ಸುತ್ತಲಿನವರು ನಕ್ಕರು. ನಾನು ಅರ್ಧಕ್ಕೇ ಪ್ಯಾಂಟು ಏರಿಸಿಕೊಂಡು ಬಂದೆ. ಅವತ್ತಿನಿಂದ ಕೆಲಸಕ್ಕೆ ಹೊರಟಾಗ ನೀರು ಕುಡಿಯುವುದನ್ನು ಕಡಿಮೆ ಮಾಡಿದೆ.

ಒಂದು ವಿಷಯ ನನಗೆ ಬೇಗ ಗೊತ್ತಾಗಿತ್ತು. ಲಗ್ನಗಳಿಲ್ಲದ ದಿನಗಳಲ್ಲಿ, ಎಲೆ ಹೆಚ್ಚು ಬೇಡದಿದ್ದಾಗ, ಈ ಕಾಟ ಇಳಿಯುತ್ತಿತ್ತು. ಗಲ್ಲ ತುಂಬಿದ್ದ ದಿನ ಏರುತ್ತಿತ್ತು. ಗೊತ್ತಾದದ್ದನ್ನು ಗೊತ್ತಿಲ್ಲದಂತೆ ಬದಿಗಿಟ್ಟೆ.

ಹೆಂಡತಿಗೆ ಮಾತ್ರ ಬದಿಗಿಡಲು ಆಗಲಿಲ್ಲ. ಸಣ್ಣ ಮನೆ, ಬಚ್ಚಲಲ್ಲಿ ನಾನು ಎಷ್ಟು ಹೊತ್ತು ನಿಂತೆ ಎಂಬುದು ಅಡುಗೆಮನೆಯಲ್ಲಿದ್ದವಳಿಗೆ ತಿಳಿಯುತ್ತಿತ್ತು.

"ಉಷ್ಣ ಆಗ್ಯದ ನಿಮಗ," ಎಂದಳು. "ಬಿಸಲಾಗ ತಿರಗತೀರಿ, ಹೊತ್ತಿಗಿ ಸರಿಯಾಗಿ ಉಣ್ಣಂಗಿಲ್ಲ."

ಕೊತ್ತಂಬರಿ ಬೀಜ ನೆನೆಹಾಕಿದ ನೀರು, ಬಾರ್ಲಿ ಗಂಜಿ, ಮಜ್ಜಿಗೆ, ಕಲ್ಲಂಗಡಿ ಎಲ್ಲ ಶುರುವಾದವು. ಬೆಳಿಗ್ಗೆ ನಾನು ಏಳುವ ಮೊದಲೇ ಲೋಟ ತುಂಬಿಸಿ ಮುಚ್ಚಿಟ್ಟಿರುತ್ತಿದ್ದಳು. ನಾನು ಕುಡಿದು ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದೆ. ಕುಡಿದ ಬಾಯಿಯಲ್ಲೇ, ಸ್ಟುಡಿಯೋದ ಬಾಗಿಲು ತೆರೆಯುವ ಮೊದಲೇ, ಎಲೆ ಇಡುತ್ತಿದ್ದೆ.

ಆಮೇಲೆ ಅವಳು ಸೋಮವಾರದ ಉಪವಾಸ ಹಿಡಿದಳು. ನನಗೆ ಗುಣವಾಗುವ ತನಕ ಸೋಮವಾರ ಉಣ್ಣುವುದಿಲ್ಲ, ಆಗುವಷ್ಟು ಸೋಮವಾರ ನಾಲವಾರದ ಮಠಕ್ಕೆ ಹೋಗಿ ಗದ್ದುಗೆಗೆ ನಮಸ್ಕಾರ ಮಾಡಿ ಬರುತ್ತೇನೆ ಎಂದು ಹರಕೆ ಹೊತ್ತಳು. ಶಹಾಬಾದಿನಿಂದ ನಾಲವಾರ ರೈಲಿನಲ್ಲಿ ದೂರವೇನೂ ಅಲ್ಲ. ಆದರೆ ಬೇಸಿಗೆಯ ನಮ್ಮ ಬಿಸಿಲಲ್ಲಿ, ಕೂಡಲು ಜಾಗವಿಲ್ಲದ ಡಬ್ಬಿಯಲ್ಲಿ, ಖಾಲಿ ಹೊಟ್ಟೆಯಲ್ಲಿ ಹೋಗಿಬರುವುದು ಅವಳ ವಯಸ್ಸಿನವಳಿಗೆ ಸಣ್ಣ ಮಾತಲ್ಲ.

"ಬ್ಯಾಡ ಬಿಡು, ಡಾಕ್ಟರ್ ಕಡೆ ಹೋಗೋಣು," ಎಂದೆ ನಾನು. ಉಪವಾಸ ತಪ್ಪಿಸಲೆಂದು ಹೇಳಿದ ಮಾತು. ಅವಳು ಎರಡನ್ನೂ ಒಪ್ಪಿಕೊಂಡಳು.

ನಾವು ಹೋದ ಕಲಬುರಗಿಯ ಡಾಕ್ಟರು ವಯಸ್ಸಾದವರು, ಸಾವಧಾನದವರು. ಎಲ್ಲ ಕೇಳಿ ಬರೆದುಕೊಳ್ಳುತ್ತ, "ತಂಬಾಕ, ಗುಟ್ಕಾ ಏನಾರ ಅದೇನ್ರಿ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಮುಂದೆ ಬಾಗಿ ಹೇಳಿದಳು:

"ಇಲ್ರಿ ಸಾಹೇಬ್ರ. ಬಿಟ್ಟು ಭಾಳ ವರ್ಷ ಆಯ್ತು. ನನ್ನ ತಲಿ ಮ್ಯಾಲ ಆಣಿ ಮಾಡ್ಯಾರ. ಒಂದ್ ಮಾತಿನ ಮನಷ್ಯಾರ ಇವ್ರು."

ಆ ಮಾತಿನಲ್ಲಿ ಎಂಥ ಹೆಮ್ಮೆ ಇತ್ತು! ಡಾಕ್ಟರು ನನ್ನ ಕಡೆ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ನನ್ನ ಬಲಗೈಯ ಹೆಬ್ಬೆರಳನ್ನು ನೋಡಿದರು. ಸುಣ್ಣ ತಿಂದು ತಿಂದು ಅದರ ಚರ್ಮ ಸಿಪ್ಪೆ ಎದ್ದಿತ್ತು. ಸ್ಕ್ಯಾನಿಂಗ್‌ಗೆ ಕಳಿಸಿದರು. ಅದು ಮುಗಿದ ಮೇಲೆ, ಔಷಧ ತರಲೆಂದು ಅವಳನ್ನು ಕೆಳಗಿನ ಅಂಗಡಿಗೆ ಕಳಿಸಿ, ನನ್ನೊಬ್ಬನನ್ನೇ ಕೂರಿಸಿಕೊಂಡರು.

"ಈಗ ಹೇಳ್ರಿ. ದಿನಾ ಎಷ್ಟ್ ಇಡ್ತೀರಿ?"

ನಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೆ.

"ನೋಡ್ರಿ, ಗಂಡಸರಿಗಿ ವಯಸ್ಸಾದಂಗ ಮೂತ್ರದ ಚೀಲದ ಕೆಳಗ ಒಂದು ಗಡ್ಡಿ ದಪ್ಪ ಆಗ್ತದ. ನಿಮ್ಮದೂ ಸ್ವಲ್ಪ ಆಗ್ಯದ. ಅದು ನಿಮ್ಮ ತಪ್ಪಲ್ಲ. ಆದ್ರ ಚೀಲಕ್ಕ ಒಂದು ಬಾಯಿ ಅದ. ಅದು ಸಡ್ಲ ಆದ್ರ ಒಂದಕ್ಕ ಬರ್ತದ. ನಿದ್ದಿ ಓಡಿಸೋ ಪದಾರ್ಥ ಮೈಯಾಗ ಸೇರ್ತಂದ್ರ ಅದು ಎಲ್ಲಾ ಕಡೆ ಬಿಗಿ ಹಿಡಿತದ. ಆ ಬಾಯಿನೂ ಬಿಗಿ ಹಿಡಿತದ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹಿಂದೆ ಕೆಲವು ವರ್ಷ ಯೆಮನ್ ದೇಶದಲ್ಲಿ ಕೆಲಸ ಮಾಡಿದ್ದರಂತೆ.

"ಅಲ್ಲಿ ಮಧ್ಯಾಹ್ನದ ಊಟ ಆಯ್ತಂದ್ರ ಗಂಡಸರೆಲ್ಲ ಒಂದ್ ಕಡೆ ಕೂಡ್ತಾರ. ಖಾತ್ ಅಂತ ಒಂದ್ ಗಿಡ. ಅದರ ಹಸಿ ಎಲಿ ಗಲ್ಲದಾಗ ತುಂಬ್ಕೊತಾರ, ಗಲ್ಲ ಲಿಂಬಿಹಣ್ಣಿನಂಗ ಉಬ್ಬತದ. ಏನ್ ಎಚ್ಚರ, ಏನ್ ಮಾತು, ಏನ್ ಹುರುಪು! ಆಮ್ಯಾಲ ನನ್ನ ಕಡೆ ಬರ್ತಿದ್ರು, ನಿಂತ್ರ ಒಂದಕ್ಕ ಬರವಲ್ದು, ಬಂದ್ರ ಹನಿ ಹನಿ ಅಂತ. ಗಡ್ಡಿ ಗಿಡ್ಡಿ ಇಲ್ಲದ ಹರೇದವ್ರೂ ಬರ್ತಿದ್ರು. ಎಲಿ ಬಿಟ್ಟಾಗ ಧಾರಿ ಸರಿ ಆಗ್ತಿತ್ತು. ನಿಮ್ಮದು ಬ್ಯಾರೆ ಎಲಿ, ಅದರ ಗುಣ ಪೂರಾ ಅದರಂಗ ಅಂತ ನಾ ಹೇಳಂಗಿಲ್ಲ. ಆದ್ರ ಇದೂ ಎಚ್ಚರ ಇಡೋ ಎಲಿನೇ. ಇದು ಚೀಲಕ್ಕ ಇನ್ನೂ ಕೆಟ್ಟ ಬ್ಯಾನಿ ತರ್ತದ."

ಗುಳಿಗೆಯ ಚೀಟಿಯನ್ನು ನನ್ನ ಕಡೆ ಸರಿಸಿದರು.

"ಈ ಗುಳಗಿ ಆ ಬಾಯಿ ಸಡ್ಲ ಮಾಡ್ತದ. ನೀವು ಎಲಿ ಇಟ್ಟು ಬಿಗಿ ಮಾಡ್ತೀರಿ. ಇಬ್ಬರೂ ಹಗ್ಗ ಜಗ್ಗಿದ್ರ ಹ್ಯಾಂಗ? ಬಿಡ್ರಿ. ಮತ್ತ ಮನಿಯಾಗ ಹೇಳ್ರಿ. ಆ ತಾಯಿ ನಿಮ್ಮ ಮ್ಯಾಲ ಭಾಳ ವಿಶ್ವಾಸ ಇಟ್ಟಾರ."

ಹೂಂ ಎಂದೆ. ಮೆಟ್ಟಿಲ ಕೆಳಗೆ ಅವಳು ಔಷಧದ ಪೊಟ್ಟಣ ಹಿಡಿದು ನಿಂತಿದ್ದಳು.

"ಏನಂದ್ರು?"

"ವಯಸ್ಸಿಂದು ಅಂತ. ಗುಳಗಿ ತಗೊಂಡ್ರ ಆರಾಮ ಆಗ್ತದಂತ."

ಅವಳು ಅಲ್ಲೇ ಕಣ್ಣು ಮುಚ್ಚಿ ಕೈ ಮುಗಿದಳು. "ದೊಡ್ಡದೇನೂ ಇಲ್ಲಲ್ಲ. ಹರಕಿ ಹುಸಿ ಹೋಗಿಲ್ಲ ನೋಡ್ರಿ. ಪೂರಾ ಗುಣ ಆಗೂ ತನಕ ಸೋಮಾರ ಬಿಡಂಗಿಲ್ಲ ನಾ."

ಬಸ್ಸಿನಲ್ಲಿ ಶಹಾಬಾದಿನ ತನಕ ಅವಳು ನನ್ನ ಹೆಗಲಿಗೆ ಒರಗಿ ಮಲಗಿದ್ದಳು. ಭಂಕೂರ ದಾಟುವಾಗ ಎಬ್ಬಿಸಿ ಹೇಳಿಬಿಡಬೇಕೆಂದುಕೊಂಡೆ. ಎಬ್ಬಿಸಿದೆ, "ಊರು ಬಂತು, ಏಳು," ಎಂದೆ.

ಗುಳಿಗೆಯಿಂದ ಸ್ವಲ್ಪ ಸುಧಾರಿಸಿತು. ಸುಧಾರಿಸಿದ್ದೇ ನನಗೆ ನೆಪವಾಯಿತು. ಎಲೆಯ ಚೂರನ್ನು ಸಣ್ಣದು ಮಾಡಿದೆ, ಬಿಡಲಿಲ್ಲ.

ಒಂದು ಸೋಮವಾರವನ್ನು ಈಗಲೂ ಮರೆಯಲು ಆಗಿಲ್ಲ. ಮೇ ತಿಂಗಳ ಬಿಸಿಲು. ನಾನು ಸ್ಟುಡಿಯೋದಲ್ಲಿ ಒಂದು ಆಲ್ಬಮ್ಮಿನ ಕೆಲಸ ಮಾಡುತ್ತಿದ್ದೆ, ಗಲ್ಲದಲ್ಲಿ ಎಲೆ ಇತ್ತು. ಅವಳು ರೈಲಿಳಿದು ಮನೆಗೆ ಹೋಗದೆ ನೇರ ನನ್ನ ಕಡೆ ಬಂದಳು. ಮುಖ ಕೆಂಪಾಗಿ, ಸೆರಗು ಬೆವರಿನಲ್ಲಿ ತೊಯ್ದು, ತುಟಿ ಒಣಗಿತ್ತು. ಕುರ್ಚಿಯ ಮೇಲೆ ಕುಸಿದು ಕುಳಿತು ಕೈಚೀಲದಿಂದ ಕಾಗದದ ಪೊಟ್ಟಣ ಬಿಚ್ಚಿದಳು. ಸಕ್ಕರೆ, ಕೊಬ್ಬರಿ, ಚಿಟಿಕೆ ವಿಭೂತಿ.

"ಆ ಅನ್ರಿ. ಪ್ರಸಾದ."

ನಾನು ಬಾಯಿ ತೆರೆಯಲಾರದೆ ತಲೆಯಾಡಿಸಿದೆ, ಕೈ ಸನ್ನೆ ಮಾಡಿದೆ, ಯಾರೋ ಕರೆದರೆನ್ನುವಂತೆ ಹಿಂದಿನ ಬಾಗಿಲಿನಿಂದ ಹೊರಗೆ ಓಡಿದೆ. ಗೋಡೆಯ ಬದಿಗೆ ಉಗುಳಿ, ನಳದ ನೀರಿನಲ್ಲಿ ಬಾಯಿ ತಿಕ್ಕಿ ತಿಕ್ಕಿ ತೊಳೆದು ಬಂದೆ. ಅವಳು ಅದೇ ರೀತಿ ಕೈ ಚಾಚಿ ಕುಳಿತಿದ್ದಳು. ನನ್ನ ಹಣೆಗೆ ವಿಭೂತಿ ಹಚ್ಚಿ, ನಾಲಿಗೆಯ ಮೇಲೆ ಕೊಬ್ಬರಿ ಇಟ್ಟಳು.

"ಈಗ ಸ್ವಲ್ಪ ಕಡಿಮಿ ಆಗ್ಯದಲ್ಲ?"

"ಆಗ್ಯದ."

"ಮುಂದಿನ ಸೋಮಾರ ಇನ್ನೂ ಆಗ್ತದ," ಎಂದು ಎದ್ದು, ಗೋಡೆ ಹಿಡಿದುಕೊಂಡು ಒಂದು ಕ್ಷಣ ನಿಂತು, ಕಣ್ಣು ಕತ್ತಲೆ ಬಂದದ್ದು ಹೋದ ಮೇಲೆ ಮನೆಗೆ ನಡೆದಳು. ಆ ಕೊಬ್ಬರಿ ನನ್ನ ಬಾಯಿಯಲ್ಲಿ ಬಹಳ ಹೊತ್ತು ಉಳಿಯಿತು, ನುಂಗಲು ಆಗಲಿಲ್ಲ.

ಚಿಂಚೋಳಿಯಲ್ಲಿ ಅವಳ ತಮ್ಮನ ಮಗಳ ಮದುವೆ ನಿಶ್ಚಯವಾಯಿತು. ನಾವು ಎತ್ತಿ ಆಡಿಸಿದ ಮಗು. "ನನ್ನ ಫೋಟೋ ನೀವೇ ತೆಗೀಬೇಕ್ರಿ ಮಾಮಾ, ಬ್ಯಾರೆ ಯಾರೂ ಬ್ಯಾಡ," ಎಂದು ಫೋನಿನಲ್ಲಿ ಮೊದಲೇ ಹೇಳಿದ್ದಳು. ಅವಳಿಗೆ ಒಂದೇ ಆಸೆ. ಅಕ್ಷತೆ ಬೀಳುವ ಕ್ಷಣದಲ್ಲಿ, ಅಕ್ಕಿಕಾಳು ಇನ್ನೂ ಗಾಳಿಯಲ್ಲಿರುವಾಗ ತೆಗೆದ ಒಂದು ಫೋಟೋ. ನಾನು ಬೇರೆಯವರಿಗೆ ತೆಗೆದುಕೊಟ್ಟ ಅಂಥ ಚಿತ್ರಗಳನ್ನು ಸ್ಟುಡಿಯೋದ ಗೋಡೆಯ ಮೇಲೆ ನೋಡಿದ್ದಳು.

ಮದುವೆ ಸೋಮವಾರ ಬಿತ್ತು. ಹಿಂದಿನ ದಿನದಿಂದಲೇ ನಾನು ನಿಂತಿದ್ದೆ. ನಮ್ಮದೇ ಮನೆಯ ಮದುವೆ ಎಂದು ಒಂದನ್ನೂ ಬಿಡಬಾರದೆಂಬ ಹಟ, ಅದಕ್ಕೆ ತಕ್ಕಂತೆ ಎಲೆ. ಗಲ್ಲ ಖಾಲಿಯಾದಂತೆ ತುಂಬಿದೆ. ನೀರು ಕುಡಿಯಲಿಲ್ಲ. ಬೆಳಿಗ್ಗೆ ಕಲ್ಯಾಣ ಮಂಟಪದ ಹಿಂದಿನ ಮೂತ್ರಿಗೆ ಹೋದರೆ ಕೆಲವು ಹನಿ ಬಿದ್ದು ನಿಂತಿತು. ಮತ್ತೆ ಹೋದೆ, ಅಷ್ಟೂ ಇಲ್ಲ. ಹೊಟ್ಟೆಯ ಕೆಳಗೆ ಕಲ್ಲು ಕಟ್ಟಿದಂತಾಯಿತು. ಬೆವರು ಇಳಿಯತೊಡಗಿತು. ವಧುವನ್ನು ವೇದಿಕೆಗೆ ಕರೆತಂದರು. ಹಸಿರು ಸೀರೆ, ಬಾಸಿಂಗ. ನಾನು ಕ್ಯಾಮೆರಾ ಎತ್ತಿದೆ.

ಶಾಸ್ತ್ರಿಗಳು ಮಂಗಳಾಷ್ಟಕ ಶುರು ಮಾಡಿದರು. ಇನ್ನು ಸ್ವಲ್ಪ ಹೊತ್ತು, ಅಕ್ಷತೆ ಬೀಳುವ ತನಕ, ಅಷ್ಟೇ. ತಡೆಯಲು ಆಗಲೇ ಇಲ್ಲ. ಪಕ್ಕದಲ್ಲಿದ್ದ ಹೆಂಡತಿಯ ತಮ್ಮನಿಗೆ, "ಈಗ ಬಂದೆ," ಎಂದು ಹೇಳಿ, ಜನರನ್ನು ಸರಿಸಿಕೊಂಡು ಹಿಂದಕ್ಕೆ ಓಡಿದೆ. ಒಂದು ಮಂತ್ರ ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ವಾಪಸಾಗಬಹುದೆಂದು ಲೆಕ್ಕ ಹಾಕಿದ್ದೆ.

ನಿಂತೆ. ಬರಲಿಲ್ಲ. ನಳ ಬಿಟ್ಟು ನೀರಿನ ಸದ್ದು ಕೇಳಿಸಿಕೊಂಡೆ. ಕಾಲು ಬದಲಿಸಿದೆ, ಮುಂದೆ ಬಾಗಿದೆ. ಹೊಟ್ಟೆ ಬಿರಿಯುವಂತಿತ್ತು, ಒಂದು ಹನಿಯಿಲ್ಲ. ಮೈಕಿನಲ್ಲಿ ಶಾಸ್ತ್ರಿಗಳ ದನಿ ಏರುತ್ತಿತ್ತು. "ಸಾವಧಾನ" ಎಂಬುದು ಕೇಳಿತು. ತಕ್ಷಣ ಬ್ಯಾಂಡು ಒಮ್ಮೆಲೇ ಒಡೆದು ಬಾರಿಸಿತು, ಜನರ ಕೂಗು, ಹೊರಗೆ ಪಟಾಕಿ. ನಾನು ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟೆ. ಬಾಯಿಯಲ್ಲಿ ಆಗಲೂ ಎಲೆ ಇತ್ತು.

ತಿರುಗಿ ಬಂದಾಗ ಅಕ್ಕಿಕಾಳು ಕಾರ್ಪೆಟ್ಟಿನ ಮೇಲೆ ಬಿದ್ದಿತ್ತು. ಜನ ಊಟಕ್ಕೆ ಹೊರಟಿದ್ದರು. ವೇದಿಕೆಯ ಮೇಲೆ ಕುಳಿತ ಹುಡುಗಿ ಬಾಸಿಂಗದ ಕೆಳಗಿನಿಂದ ನನ್ನನ್ನು ಹುಡುಕುತ್ತಿದ್ದಳು. ಕಣ್ಣಿಗೆ ಕಣ್ಣು ಸೇರಿತು. ಅವಳು ಹುಬ್ಬು ಎತ್ತಿದಳು: ಫೋಟೋ ಬಂತಾ? ನಾನು ಕ್ಯಾಮೆರಾ ಎತ್ತಲು ಹೋದೆ. ವೇದಿಕೆಯ ಅಂಚಿನಲ್ಲಿ ಹೊಟ್ಟೆ ಹಿಡಿದು ಕುಳಿತವನು ಏಳಲಿಲ್ಲ.

ಹೆಂಡತಿ ಮತ್ತು ಅವಳ ತಮ್ಮ ನನ್ನನ್ನು ಜೀಪಿನಲ್ಲಿ ಹಾಕಿಕೊಂಡು ಊರಿನ ಆಸ್ಪತ್ರೆಗೆ ಹೋದರು. ಮಗಳನ್ನು ಧಾರೆ ಎರೆದ ಅಪ್ಪ ಬೀಗರ ಊಟ ಬಿಟ್ಟು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ. "ಸ್ವಲ್ಪ ತಡ್ಕೊಳ್ರಿ ಮಾಮಾ, ದವಾಖಾನಿ ಬಂತು, ಬಂತು," ಎನ್ನುತ್ತಿದ್ದ. ಅಲ್ಲಿನ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ತಡಮಾಡದೆ ಮೂತ್ರದ ದಾರಿಗೆ ನಳಿಗೆ ಹಾಕಿದರು. ನಳಿಗೆಯ ತುದಿಗೆ ಕಟ್ಟಿದ ಪ್ಲಾಸ್ಟಿಕ್ ಚೀಲಕ್ಕೆ ಮೂತ್ರ ಇಳಿಯತೊಡಗಿದಾಗ ನನ್ನ ಕಣ್ಣಿನಿಂದಲೂ ನೀರು ಇಳಿಯಿತು.

ಅಷ್ಟರಲ್ಲಿ ನರ್ಸಮ್ಮ ನನ್ನ ಕ್ಯಾಮೆರಾ ಚೀಲವನ್ನು ಮಂಚದಿಂದ ಎತ್ತಿ ಹೆಂಡತಿಯ ಕೈಗೆ ಕೊಡಲು ಹೋದರು. ಅವಸರದಲ್ಲಿ ನಾನೇ ಅರೆಯ ಜಿಪ್ಪು ಹಾಕಿರಲಿಲ್ಲ. ಕರಿಯ ಡಬ್ಬಿ ಉರುಳಿ ಬಿತ್ತು, ಮುಚ್ಚಳ ಹಾರಿತು, ಎಲೆಯ ಚೂರುಗಳು ನೆಲದ ಮೇಲೆ ಚೆಲ್ಲಿದವು.

"ಏ ಅಕ್ಕಾ, ತಂಬಾಕ ತಿಂತಾರೇನ್ರಿ ಇವ್ರು?" ಎಂದರು ನರ್ಸಮ್ಮ. "ಮದ್ಲೇ ಹೇಳಬಾರ್ದೇನ್ರಿ? ಮ್ಯಾಡಂಗ ಹೇಳ್ತೀನಿ ತಡೀರಿ."

ಹೆಂಡತಿ ಬಾಗಿ ಒಂದು ಚೂರು ಎತ್ತಿಕೊಂಡಳು. ಮೂಸಿ ನೋಡಲಿಲ್ಲ, ಅವಳಿಗೆ ಅದರ ಪರಿಚಯ ಸಾಕಷ್ಟಿತ್ತು. ನರ್ಸಮ್ಮ ಹೊರಗೆ ಹೋಗುವ ತನಕ ಕಾದು, ಮೆಲ್ಲಗೆ ಕೇಳಿದಳು.

"ಯಾವಾಗಿಂದ?"

"ಬಿಟ್ಟಿದ್ದೆ. ಮತ್ತ ಹತ್ತಿತು. ಭಾಳ ದಿನ ಆಯ್ತು."

"ಕಲಬುರಗಿ ಡಾಕ್ಟರಿಗಿ ಗೊತ್ತಿತ್ತೇನು?"

"ಗೊತ್ತಿತ್ತು."

"ಇದರಿಂದನೇ ಅಂತ ಹೇಳಿದ್ರೇನು ಅವತ್ತ?"

"ಹೇಳಿದ್ರು."

"ನನ್ನ ಔಷಧ ತರಾಕ ಕಳಿಸಿದಾಗ."

"ಹೂಂ."

ನಾನು ಬೈಗುಳಕ್ಕೆ ಕಾದೆ. ಅಳುವಿಗೆ ಕಾದೆ. ಅವಳು ಕೈಯಲ್ಲಿದ್ದ ಚೂರನ್ನು ಕಸದ ಬುಟ್ಟಿಗೆ ಹಾಕಿ, ಕೈ ತೊಳೆದುಕೊಂಡು ಬಂದು, ಬಾಗಿಲಲ್ಲಿ ನಿಂತಿದ್ದ ತಮ್ಮನಿಗೆ ಹೇಳಿದಳು:

"ತಮ್ಮಾ, ನನ್ನ ಪಾಲಿಂದು ಊಟ ಉಳದದೇನು? ತರ್ಸು."

"ಅಕ್ಕಾ, ಇವತ್ತ ಸೋಮಾರ."

"ಗೊತ್ತದ. ತರ್ಸು."

ಊಟ ಬಂತು. ಹೋಳಿಗೆ, ತುಪ್ಪ, ಬದನೆಕಾಯಿ ಪಲ್ಯ, ಅನ್ನ, ಕಟ್ಟಿನ ಸಾರು. ಅವಳು ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ, ನನ್ನ ಮಂಚಕ್ಕೆ ಕಾಣುವಂತೆ ಕುಳಿತು, ಊಟದೆಲೆ ಹರವಿಕೊಂಡು ಉಂಡಳು. ಅವಸರವಿಲ್ಲದೆ, ಒಂದು ತುತ್ತನ್ನೂ ಬಿಡದೆ. ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಎಷ್ಟೋ ಸೋಮವಾರಗಳ ಹಸಿವನ್ನು ಅವಳು ಅಲ್ಲಿ ಕುಳಿತು ಉಣ್ಣುತ್ತಿದ್ದಾಳೆ ಎಂದು ನನಗೆ ಅನಿಸಿತು. ಬೈದಿದ್ದರೆ ನಾನು ಬದಲು ಹೇಳುತ್ತಿದ್ದೆನೇನೋ. ಉಣ್ಣುವವಳಿಗೆ ಏನು ಹೇಳುವುದು?

ನಳಿಗೆ ಕೆಲವು ದಿನ ಮೈಯಲ್ಲೇ ಇತ್ತು. ಶಹಾಬಾದಿನ ಮನೆಯಲ್ಲಿ, ಲುಂಗಿಯ ಬದಿಗೆ ಚೀಲ ನೇತುಹಾಕಿಕೊಂಡು ಮಲಗಿದ್ದೆ. ಎಲೆಯಿಲ್ಲದೆ ತಲೆ ಸಿಡಿಯುತ್ತಿತ್ತು. ಯಾವುದಕ್ಕೂ ಸಿಟ್ಟು, ಸಿಟ್ಟು ತೋರಿಸಲು ಮುಖವಿಲ್ಲ. ಅವಳು ಮಾತಾಡುತ್ತಿರಲಿಲ್ಲ. ಆದರೆ ಆ ಚೀಲ ತುಂಬಿದಾಗ ತಾನೇ ಬಂದು ಖಾಲಿ ಮಾಡುತ್ತಿದ್ದಳು. "ನಾ ಮಾಡ್ಕೊತೀನಿ, ಬಿಡು," ಎಂದರೆ ಕೈ ಸರಿಸಿ ಮಾಡುತ್ತಿದ್ದಳು. ತೊಳೆದು, ಮತ್ತೆ ಸಿಕ್ಕಿಸಿ, ಕೈ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು. ಅವಳ ಅಪ್ಪನ ಗದ್ದ ಒರೆಸಿದ ಕೈ ಅದು. ಅದೇ ಕೆಲಸವನ್ನು ಅವಳಿಂದ ಎರಡನೆಯ ಸಲ ಮಾಡಿಸಿದವನು ನಾನು.

ನಳಿಗೆ ತೆಗೆದ ದಿನ ಕಲಬುರಗಿಯ ಡಾಕ್ಟರು ಅವಳ ಮುಂದೆಯೇ ಎಲ್ಲವನ್ನೂ ಮತ್ತೊಮ್ಮೆ ಹೇಳಿದರು. ಅವಳು ಕೇಳಿಸಿಕೊಂಡು, "ಅವತ್ತ ನನಗ ಯಾಕ ಹೇಳ್ಲಿಲ್ರಿ ಸಾಹೇಬ್ರ?" ಎಂದಳು. ಅವರು, "ಅವ್ರು ಹೇಳ್ತೀನಿ ಅಂದ್ರು ತಾಯಿ," ಎಂದರು. ಅವಳು ನನ್ನ ಕಡೆ ತಿರುಗಿ ನೋಡಿದಳು. ಆ ನೋಟಕ್ಕಿಂತ ನಳಿಗೆ ವಾಸಿಯಿತ್ತು.

ಒಂದು ದಿನ ಮದುಮಗಳು ಗಂಡನೊಂದಿಗೆ ಸ್ಟುಡಿಯೋಕ್ಕೆ ಬಂದಳು. ಆಲ್ಬಮ್ಮಿಗೆ ಚಿತ್ರ ಆರಿಸಬೇಕಿತ್ತು. ಅಕ್ಷತೆಯ ಹೊತ್ತಿನಲ್ಲಿ ವಿಡಿಯೋದವನ ಮುಂದೆ ಜನ ನಿಂತುಬಿಟ್ಟಿದ್ದರಿಂದ ಅದರಲ್ಲಿ ಬರೀ ಬೆನ್ನುಗಳಿದ್ದವು. ನಾನು ಅವಳ ಮುಂದೆ ಕೈ ಮುಗಿಯಲು ಹೋದೆ.

"ಏ, ಏನ್ರಿ ಮಾಮಾ ಇದು, ಕೈ ಇಳಸ್ರಿ!" ಎಂದು ಗದರಿದಳು. "ಸೀರಿ ತಂದೀನಿ. ಮತ್ತೊಮ್ಮಿ ಹಾಕ್ಸೋಣು ಅಕ್ಷತಾ. ಅತ್ತಿನ ಕರೀರಿ."

ಹೆಂಡತಿ ಬಂದಳು. ಹಸಿರು ಸೀರೆಯುಟ್ಟ ಹುಡುಗಿ, ಪೇಟ ಸುತ್ತಿದ ಅಳಿಯ, ಹಿಂದೆ ನನ್ನ ನೀಲಿ ಪರದೆ. ಅತ್ತೆ ಬೊಗಸೆಯಿಂದ ಅಕ್ಕಿ ಚಿಮ್ಮಿದಳು. ಕಾಳುಗಳು ಗಾಳಿಯಲ್ಲಿ ಇದ್ದಾಗಲೇ ಸರಿಯಾಗಿ ತೆಗೆದೆ. ಬೆಳಕು ಚೆನ್ನಾಗಿತ್ತು, ಎಲ್ಲ ಚೆನ್ನಾಗಿತ್ತು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಇಬ್ಬರೂ ನಗು ತಡೆದುಕೊಂಡವರ ಮುಖ. ಮದುವೆಯ ದಿನ ಹುಡುಗಿಯ ಮುಖ ಹೇಗಿತ್ತೋ ಅದು ಇದಲ್ಲ.

ಹುಡುಗಿಗೂ ಅದು ಗೊತ್ತಾಯಿತು. ತನ್ನ ಫೋನಿನಲ್ಲಿ ಯಾರೋ ಗೆಳತಿ ತೆಗೆದ ಒಂದು ಚಿತ್ರ ತೋರಿಸಿದಳು. ಅಲುಗಿದ ಚಿತ್ರ. ಯಾರದೋ ಮೊಣಕೈ ಅಳಿಯನ ಅರ್ಧ ಮುಖ ಮುಚ್ಚಿದೆ. ಹುಡುಗಿ ಕಣ್ಣು ಮುಚ್ಚಿ ತಲೆ ತಗ್ಗಿಸಿದ್ದಾಳೆ, ಕೆನ್ನೆ ಒದ್ದೆಯಾಗಿದೆ.

"ಇದನ್ನ ಹಾಕ್ರಿ ಮಾಮಾ. ಇದ ಖರೇದು."

ಅದನ್ನೇ ಹಾಕಿದೆ. ನಾನು ಕಟ್ಟಿದ ಆಲ್ಬಮ್ಮುಗಳಲ್ಲಿ ಅಷ್ಟು ಕೆಟ್ಟ ಚಿತ್ರ ಇನ್ನೊಂದಿಲ್ಲ. ಅಷ್ಟು ಕಾಳಜಿಯಿಂದ ಪ್ರಿಂಟು ಹಾಕಿದ್ದೂ ಇನ್ನೊಂದಿಲ್ಲ.

ಹೆಂಡತಿ ಈಗ ಸೋಮವಾರ ಉಣ್ಣುತ್ತಾಳೆ. ಮಠಕ್ಕೆ ಆಗಾಗ ಹೋಗುತ್ತಾಳೆ, ಬೇರೆ ದಿನ. ಒಮ್ಮೆ, "ನಾನೂ ಬರ್ಲೇನು?" ಎಂದು ಕೇಳಿದೆ. "ಬ್ಯಾಡ," ಎಂದಳು. "ನಿಮ್ಮ ಸಲುವಾಗಿ ಏನೂ ಕೇಳಾಕ ಹೋಗಂಗಿಲ್ಲ ಈಗ ನಾ. ಸುಮ್ನ ಕೂತು ಬರ್ತೀನಿ." ಮನ್ನಿಸಿದಳೋ ಇಲ್ಲವೋ ಕೇಳುವ ಧೈರ್ಯ ನನಗಿಲ್ಲ. ಗುಳಿಗೆ ನಡೆದಿದೆ. ಎಲೆ ಬಿಟ್ಟ ಮೇಲೆ ಧಾರೆ ಸುಮಾರಾಗಿ ಸರಿಯಾಗಿದೆ, ನಿಂತು ಕಾಯುವುದು ಕಡಿಮೆಯಾಗಿದೆ. ಕೆಲಸದಲ್ಲಿ ನಿದ್ದೆ ಬಂದರೆ ಚಹ ಕುಡಿಯುತ್ತೇನೆ. ತೀರ ಆಗದಿದ್ದರೆ ಒಂದು ಕುರ್ಚಿ ಕೇಳಿ ಕುಳಿತುಕೊಳ್ಳುತ್ತೇನೆ. ಮದುವೆ ಮನೆಯವರು ಯಾರೂ ಅದಕ್ಕೆ ಬೈದಿಲ್ಲ.

ಪೂರಾ ಗೆದ್ದೆ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಹೋದ ತಿಂಗಳು ಚಿತ್ತಾಪುರದ ಮದುವೆಯೊಂದರಲ್ಲಿ ಹಳೆಯ ಗೆಳೆಯನೊಬ್ಬ ಅಂಗೈ ಚಾಚಿದ. ನನ್ನ ಕೈ ನನ್ನನ್ನು ಕೇಳದೆ ಮುಂದೆ ಹೋಯಿತು. ಗಲ್ಲದಲ್ಲಿ ಇಟ್ಟುಕೊಂಡೆ, ಕಿವಿ ಬಿಸಿಯಾಯಿತು, ಹೊರಗೆ ಹೋಗಿ ಉಗುಳಿದೆ. ಬಾಯಿ ತೊಳೆಯಲಿಲ್ಲ, ಯಾಲಕ್ಕಿ ಹಾಕಲಿಲ್ಲ. ಸಂಜೆ ಮನೆಗೆ ಬಂದಾಗ ಅವಳು ಪುಂಡಿ ಸೊಪ್ಪು ಬಿಡಿಸುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಹೇಳಿದೆ.

"ಇವತ್ತ ಒಮ್ಮಿ ಇಟ್ಟೆ. ಉಗುಳಿದೆ."

ಅವಳ ಕೈ ನಿಂತಿತು. ತಲೆ ಎತ್ತಲಿಲ್ಲ.

"ನಿದ್ದಿ ಬಂದಿತ್ತೇನು?"

"ಇಲ್ಲ. ನಿದ್ದಿ ಬಂದಿರ್ಲಿಲ್ಲ."

ಅವಳು ಒಂದೆರಡು ದಂಟು ಬಿಡಿಸಿದಳು. ಆಮೇಲೆ ಮೊರವನ್ನು ನನ್ನ ಕಡೆ ಸ್ವಲ್ಪ ಸರಿಸಿದಳು.

"ಕೈ ತೊಳ್ಕೊಂಡು ಬಂದು ಕುಂದ್ರಿ. ಇದನ್ನರ ಬಿಡಸ್ರಿ."

ಕೈ ತೊಳೆದುಕೊಂಡು ಬಂದು ಅವಳ ಎದುರು ಕುಳಿತೆ.